ಹೆಡ್ ಶೆಫ್ ಆದಮೇಲೂ ಶಿಷ್ಯ

ಅಡುಗೆ ಕಲಿಸುವ ನಮ್ಮ ಕಾಲೇಜಿನ ಬ್ಯಾಚಿನಲ್ಲಿ ಹಾಲಂಡೇಸ್ ಎಂಬ ಬೆಣ್ಣೆ-ಮೊಟ್ಟೆಯ ಫ್ರೆಂಚ್ ಸಾಸನ್ನು ಒಡೆಯದಂತೆ ಮಾಡುವವನಿಗೆ ಇದ್ದ ಮರ್ಯಾದೆ ಇನ್ನೂರು ಜನಕ್ಕೆ ಸಾರು ಮಾಡಿ ಇಳಿಸುವವನಿಗೆ ಇರಲಿಲ್ಲ. ಮೊದಲ ವರ್ಷ ಫ್ರೆಂಚ್ ಅಡುಗೆಗೆ ಬುನಾದಿಯಾದ ಐದು ಮದರ್ ಸಾಸ್‌ಗಳನ್ನು ಬಾಯಿಪಾಠ ಮಾಡಿ, ಜರ್ನಲ್ ತುಂಬಿಸಿ, ಬಿಳಿ ಕೋಟಿಗೆ ಇಸ್ತ್ರಿ ಹಾಕಿಕೊಂಡು ಓಡಾಡಿದವರು ನಾವು. ಇಂಡಿಯನ್ ಪ್ರಾಕ್ಟಿಕಲ್ ಎಂದರೆ ಹೊಟ್ಟೆ ತುಂಬ ಉಣ್ಣುವ ದಿನ, ಅಷ್ಟೆ. ಫುಡ್ ಪ್ರೊಡಕ್ಷನ್ ಸರ್ ಮಾತ್ರ ಗೊಣಗುತ್ತಿದ್ದರು: "ನಿಮ್ಮಜ್ಜಿ ಉಪ್ಪಿನಕಾಯಿಗೆ ಎಷ್ಟು ಉಪ್ಪು ಹಾಕ್ತಾರೆ ಅಂತ ಯಾರಿಗಾದ್ರೂ ಗೊತ್ತೇನ್ರೋ?" ಯಾರಿಗೂ ಗೊತ್ತಿರುತ್ತಿರಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಯೂ ಅದಲ್ಲವಲ್ಲ!

ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಪತ್ರ ಬಂದಾಗ ಸರ್ ಜೊತೆಗೆ ಇನ್ನೊಬ್ಬರೂ ನೆನಪಾದರು. ಅವರಿಗೂ ನಮ್ಮ ಕಾಲೇಜಿಗೂ ಸಂಬಂಧವಿಲ್ಲ. ದಕ್ಷಿಣ ಕೊರಿಯಾದ ಮಿಂಗೂ ಕಾಂಗ್, ಸಿಯೋಲ್‌ನ ಗಂಗ್ನಮ್‌ನಲ್ಲಿ 'ಮಿಂಗಲ್ಸ್' ಎಂಬ ರೆಸ್ಟೋರೆಂಟ್ ನಡೆಸುವ ಶೆಫ್. ಸಿಂಗಾಪುರದ ಹೋಟೆಲ್ ಕೆಲಸದಿಂದ ರಜೆ ಸಿಕ್ಕಾಗ ಅಲ್ಲಿ ಒಮ್ಮೆ ಊಟ ಮಾಡಿದ್ದೇನೆ. ಅಡುಗೆಯವನು ಇನ್ನೊಬ್ಬನ ಅಡುಗೆಗೆ ಅಷ್ಟು ದುಡ್ಡು ಕೊಡುವುದು ಹುಚ್ಚು ಎಂದು ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು.

ಕಾಂಗ್ ಹತ್ತಿದ ಮೆಟ್ಟಿಲುಗಳು ನಾವೆಲ್ಲ ಆಗ ಕನಸು ಕಾಣುತ್ತಿದ್ದಂಥವೇ. ಸ್ಪೇನಿನಲ್ಲಿ ಹೆಸರಾಂತ ಶೆಫ್ ಮಾರ್ಟಿನ್ ಬೆರಸಾತೆಗಿಯ ಅಡುಗೆಮನೆ, ಆಮೇಲೆ ಬಹಾಮಾಸ್‌ನ ನೋಬು ಎಂಬ ಜಪಾನಿ ಶೈಲಿಯ ರೆಸ್ಟೋರೆಂಟ್. ಅಲ್ಲಿ ಚಿಕ್ಕ ವಯಸ್ಸಿಗೇ ಹೆಡ್ ಶೆಫ್. ನಮ್ಮಲ್ಲಿ ಯಾರಿಗಾದರೂ ಅದು ದಕ್ಕಿದ್ದರೆ ಊರಿನಲ್ಲಿ ಫ್ಲೆಕ್ಸ್ ಹಾಕಿಸುತ್ತಿದ್ದೆವು. ಅವರು ಮಾತ್ರ ಊರಿಗೆ ಹಿಂತಿರುಗಿ, 2014ರಲ್ಲಿ ಮಿಂಗಲ್ಸ್ ತೆರೆದರು. ತಮ್ಮ ದೇಶದ ಅಡುಗೆಯಲ್ಲಿ ತಾವಿನ್ನೂ ಕಲಿಯುವುದಿದೆ ಎಂದು ಇಬ್ಬರು ಹಿರಿಯ ಹೆಂಗಸರ ಬಳಿ ಹೋಗಿ ಕೂತರು. ಒಬ್ಬರು ಚೋ ಹೀ-ಸೂಕ್, ಕೊರಿಯನ್ ಸಂಪ್ರದಾಯದ ಅಡುಗೆಯಲ್ಲಿ ಪಳಗಿದವರು, 2020ರಲ್ಲಿ ಏಷ್ಯಾದ ಅತ್ಯುತ್ತಮ ಮಹಿಳಾ ಶೆಫ್ ಎನ್ನಿಸಿಕೊಂಡವರು. ಇನ್ನೊಬ್ಬರು ಬೇಕ್ಯಾಂಗ್ಸಾ ಬೌದ್ಧ ಮಂದಿರದ ಸನ್ಯಾಸಿನಿ ಜಿಯೋಂಗ್ ಕ್ವಾನ್. ಅವರ ಅಡುಗೆಯಲ್ಲಿ ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯದು ಯಾವುದೂ ಇಲ್ಲ. ಉಡುಪಿಯ ಮಠದ ಊಟ ಉಂಡವರಿಗೆ ಈ ಕಟ್ಟುಪಾಡು ಹೊಸದೇನಲ್ಲ. ಹಾಗಿದ್ದರೆ ರುಚಿ ಎಲ್ಲಿಂದ? ಜಾಂಗ್‌ನಿಂದ, ಅಂದರೆ ಸೋಯಾ ಹುದುಗಿಸಿ ಮಾಡುವ ಸಾಸು, ಪೇಸ್ಟುಗಳಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಸಿಲಬಸ್‌ನಲ್ಲಿ ಸೋಯಾ ಸಾಸ್ ಎಂದರೆ ಚೈನೀಸ್ ಪ್ರಾಕ್ಟಿಕಲ್‌ನ ಕಪ್ಪು ಬಾಟಲಿ ಮಾತ್ರ. ಕೊರಿಯಾದಲ್ಲಿ ಸೋಯಾ ಅವರೆಯನ್ನು ನೆನೆಸಿ, ಬೇಯಿಸಿ, ಕುಟ್ಟಿ, ಇಟ್ಟಿಗೆಯಂಥ ಗಟ್ಟಿ ಮಾಡುತ್ತಾರೆ. ಅದು ಮೆಜು. ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕಿದರೆ ಹುಲ್ಲು, ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆಯುತ್ತವೆ. ಒಣಗಿದ ಮೇಲೆ ಓಂಗಿ ಎಂಬ ಮಣ್ಣಿನ ಭರಣಿಯಲ್ಲಿ ಉಪ್ಪುನೀರಿಗೆ ಇಳಿಸಿ, ಮೇಲೆ ಒಣಮೆಣಸಿನಕಾಯಿ, ಇದ್ದಿಲು ಹಾಕಿ ಬಿಡುತ್ತಾರೆ. ತಿಂಗಳುಗಳು ಕಳೆದ ಮೇಲೆ ಸೋಸಿದರೆ ತಿಳಿ ಗಾನ್‌ಜಾಂಗ್, ಅಂದರೆ ಸೋಯಾ ಸಾಸ್. ಉಳಿದ ಗಟ್ಟಿ ದ್ವೆನ್‌ಜಾಂಗ್ ಆಗಿ ಮತ್ತೆ ಮಾಗುತ್ತದೆ. ಗೋಚುಜಾಂಗ್ ಬೇರೆ, ಅದಕ್ಕೆ ಮೆಣಸಿನ ಪುಡಿ, ಅಕ್ಕಿ, ಮೆಜು ಪುಡಿ ಸೇರಬೇಕು. ಈ ಜಾಂಗ್ ಮಾಡುವ ವಿದ್ಯೆಯನ್ನು 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಂಗ್ ಇದನ್ನು ತಂದು ಸಿಹಿತಿಂಡಿಗೆ ಹಾಕಿದರು. ನಾನು ಉಂಡ ದಿನ ಕೊನೆಗೆ ಬಂದದ್ದು 'ಜಾಂಗ್ ಟ್ರಿಯೊ'. ಬಟ್ಟಲಿನ ತಳದಲ್ಲಿ ದ್ವೆನ್‌ಜಾಂಗ್ ಹಾಕಿದ ಕ್ರೆಮ್ ಬ್ರೂಲೆ (ಕೆನೆ, ಮೊಟ್ಟೆಯ ಫ್ರೆಂಚ್ ಸಿಹಿ), ಜೊತೆಗೆ ವೆನಿಲಾ ಐಸ್‌ಕ್ರೀಮ್, ಗಾನ್‌ಜಾಂಗ್ ಸವರಿದ ಪೀಕಾನ್ ಬೀಜ, ಗೋಚುಜಾಂಗ್ ಹಚ್ಚಿದ ಗರಿಗರಿ ಕಾಳು. ಮೊದಲ ಚಮಚಕ್ಕೆ ಉಪ್ಪು ಹತ್ತುತ್ತದೆ, ಏನೋ ಎಡವಟ್ಟಾಯಿತೇ ಅನ್ನಿಸುವಷ್ಟರಲ್ಲಿ ಕ್ಯಾರಮೆಲ್ಲಿನಂಥ ಒಂದು ಆಳದ ರುಚಿ ಬರುತ್ತದೆ, ಖಾರ ತೀರಾ ಕೊನೆಗೆ, ಗಂಟಲಲ್ಲಿ. ವೆನಿಲಾ ನಡುವೆ ನಿಂತು ಪಂಚಾಯ್ತಿ ಮಾಡುತ್ತದೆ. ಕ್ರೆಮ್ ಬ್ರೂಲೆಯನ್ನು ನಾವೂ ಮಾಡಿದ್ದೆವು, ಮೇಲಿನ ಸಕ್ಕರೆ ಪದರ ಟಕ್ ಎಂದು ಒಡೆದರೆ ಹತ್ತಕ್ಕೆ ಒಂಬತ್ತು ಅಂಕ. ಕೆನೆಯೊಳಗೆ ಇನ್ನೇನನ್ನಾದರೂ ಹಾಕಬಹುದೆಂದು ಯಾರೂ ಕೇಳಿರಲಿಲ್ಲ.

ಬಿರುದುಗಳ ಲೆಕ್ಕ ಬೇಗ ಮುಗಿಸುತ್ತೇನೆ. ರೆಸ್ಟೋರೆಂಟ್‌ಗಳಿಗೆ ಒಂದರಿಂದ ಮೂರು ಸ್ಟಾರ್ ಕೊಡುವ ಮಿಶೆಲಿನ್‌ನ ಮೊದಲ ಸಿಯೋಲ್ ಗೈಡ್‌ನಲ್ಲಿ, ಅಂದರೆ 2017ರ ಆವೃತ್ತಿಯಲ್ಲಿ, ಮಿಂಗಲ್ಸ್‌ಗೆ ಒಂದು ಸ್ಟಾರ್. 2019ಕ್ಕೆ ಎರಡು. 2025ಕ್ಕೆ ಮೂರು, ಆ ವರ್ಷ ಇಡೀ ಕೊರಿಯಾದಲ್ಲಿ ಮೂರು ಸ್ಟಾರ್ ಇದ್ದದ್ದು ಅದೊಂದಕ್ಕೇ. ನನಗೆ ಸ್ಟಾರ್‌ಗಳಿಗಿಂತ ದೊಡ್ಡದಾಗಿ ಕಾಣುವುದು ಹೆಡ್ ಶೆಫ್ ಆಗಿ ಬಂದವರು ಭರಣಿಯ ಮುಂದೆ ಶಿಷ್ಯನಾಗಿ ನಿಂತದ್ದು. ನಮ್ಮ ಟ್ರೇಡಿನಲ್ಲಿ ಟೋಪಿ ಎತ್ತರವಾದಷ್ಟೂ ಪ್ರಶ್ನೆ ಕೇಳುವುದು ಕಷ್ಟ.

2024ರಲ್ಲಿ ಅವರು ಜಾಂಗ್ ಕುರಿತೇ ಒಂದು ಇಂಗ್ಲಿಷ್ ಪುಸ್ತಕ ಹೊರತಂದಿದ್ದಾರೆ. ಅದರ ಪ್ರತಿಯೊಂದನ್ನು ನಮ್ಮ ಲೈಬ್ರರಿಗೆ ಕಳಿಸಿದ್ದೇನೆ. ದಯವಿಟ್ಟು ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ. ಕಿಚನ್‌ಗೆ ಒಯ್ಯಲಿ, ಎಣ್ಣೆ ಕಲೆ ಆದರೆ ಇನ್ನೊಂದು ಕಳಿಸುತ್ತೇನೆ.