ಕುಡಿಯೋದು ನಿಲ್ಲಿಸಿದ್ದಾ, ಕುಡಿಯೋಕೆ ನಿಂತಿದ್ದಾ?

ಮೊನ್ನೆ ಅಕ್ಕನ ಮಗಳು ಇಂಗ್ಲಿಷ್ ಗ್ರಾಮರ್ ಪುಸ್ತಕ ಹಿಡ್ಕೊಂಡು ಅಡುಗೆಮನೆಗೇ ಬಂದ್ಲು, ಚಿಕ್ಕಮ್ಮಾ ಈ ಜೆರಂಡ್ ಇನ್ಫಿನಿಟಿವ್ ಲಿಸ್ಟೇ 2 ಪುಟ ಇದೆ, ಬಾಯಿಪಾಠ ಮಾಡಿದ್ರೂ ಬೆಳಿಗ್ಗೆ ಎದ್ರೆ ಎಲ್ಲಾ ಕಲಸಿಹೋಗಿರತ್ತೆ ಅಂತ. ಜೆರಂಡ್ ಅಂದ್ರೆ 'ಡ್ರಿಂಕಿಂಗ್' ಥರ 'ಇಂಗ್' ಇರೋ ರೂಪ, ಇನ್ಫಿನಿಟಿವ್ ಅಂದ್ರೆ 'ಟು ಡ್ರಿಂಕ್' ಥರ 'ಟು' ಇರೋ ರೂಪ. ಪೆನ್ಸಿಲಲ್ಲಿ ಗೆರೆ ಎಳೆದಿದ್ದ ವಾಕ್ಯ, 'ಹಿ ಸ್ಟಾಪ್ಡ್ ಟು ಡ್ರಿಂಕ್ ಟೀ'. ಅವಳು ಬರೆದಿದ್ದ ಅರ್ಥ, ಅವನು ಟೀ ಬಿಟ್ಟುಬಿಟ್ಟ.

ಲಿಸ್ಟ್ ಮುಚ್ಚಿಡು, ಮೊದ್ಲು ಕನ್ನಡದಲ್ಲಿ ಹೇಳು ಅಂದೆ. ಟೀ ಕುಡಿಯೋದು ನಿಲ್ಲಿಸ್ದ, ಟೀ ಕುಡಿಯೋಕೆ ನಿಂತ, ಎರಡೂ ಒಂದೇನಾ? ಹೇಳ್ತಾ ಹೇಳ್ತಾ ಅವಳಿಗೇ ಹೊಳೀತು. 'ಸ್ಟಾಪ್ಡ್ ಡ್ರಿಂಕಿಂಗ್' ಅಂದ್ರೆ ಬಿಟ್ಟ, 'ಸ್ಟಾಪ್ಡ್ ಟು ಡ್ರಿಂಕ್' ಅಂದ್ರೆ ಏನೋ ಮಾಡ್ತಿದ್ದವನು ಟೀಗೋಸ್ಕರ ನಿಂತ. ಎದುರಿಗೇ ಒಲೆ ಉರೀತಿತ್ತು, ಅದನ್ನೇ ತೋರಿಸ್ದೆ. 'ಐ ರಿಮೆಂಬರ್ ಟರ್ನಿಂಗ್ ಆಫ್ ದಿ ಗ್ಯಾಸ್' ಅಂದ್ರೆ ಆಫ್ ಮಾಡಿದ್ದು ನೆನಪಿದೆ, ಕೆಲಸ ಮುಗಿದಿದೆ. 'ರಿಮೆಂಬರ್ ಟು ಟರ್ನ್ ಆಫ್ ದಿ ಗ್ಯಾಸ್' ಅಂದ್ರೆ ಆಫ್ ಮಾಡೋಕೆ ಮರೀಬೇಡ, ಕೆಲಸ ಇನ್ನೂ ಬಾಕಿ.

ನಂಗೆ ತುಂಬಾ ಇಷ್ಟ ಆಗೋದು 'ಟ್ರೈ'. ಕಿಟಕಿ ತೆಗೆಯೋಕೆ ನೋಡ್ದೆ, ಬಿಗಿಯಾಗಿತ್ತು, ಬರ್ಲಿಲ್ಲ, ಇದು 'ಟ್ರೈಡ್ ಟು ಓಪನ್'. ಕಿಟಕಿ ತೆಗೆದು ನೋಡ್ದೆ, ಆದ್ರೂ ಸೆಕೆ ಹೋಗ್ಲಿಲ್ಲ, ಇದು 'ಟ್ರೈಡ್ ಓಪನಿಂಗ್'. ತೆಗೆಯೋಕೆ ನೋಡೋದು, ತೆಗೆದು ನೋಡೋದು, ಇಷ್ಟು ಸಣ್ಣ ವ್ಯತ್ಯಾಸನ ನಮ್ಮನೆ ಅಜ್ಜಿನೂ ತಪ್ಪದೆ ಮಾತಾಡ್ತಾರೆ, ಹಂಗಿರುವಾಗ ಇದೇನೋ ನಮಗೆ ನಿಲುಕದ ವಿಷಯ ಅನ್ನೋ ಥರ ಮಕ್ಕಳಿಗೆ ಬರೀ ಲಿಸ್ಟ್ ಉರು ಹೊಡೆಸೋದು ನಂಗೆ ನಿಜವಾಗ್ಲೂ ಬೇಜಾರು.

ಆದ್ರೆ ಕನ್ನಡ ಎಲ್ಲಾ ಕಡೆ ಕೈ ಹಿಡಿಯಲ್ಲ. ಓದೋದು ಇಷ್ಟ, ಓದೋಕೆ ಇಷ್ಟ, ನಮ್ಮಲ್ಲಿ ಎರಡೂ ನಡೆಯತ್ತೆ, ಅದಕ್ಕೇ 'ಐ ಎಂಜಾಯ್ ಟು ರೀಡ್' ಅಂತ ಬಾಯಿಗೆ ಬಂದುಬಿಡತ್ತೆ. ಎಂಜಾಯ್, ಅವಾಯ್ಡ್, ಫಿನಿಶ್ ಇವು ಆದ್ಮೇಲೆ 'ಇಂಗ್' ರೂಪ ಬರಬೇಕು. ವಾಂಟ್, ಡಿಸೈಡ್, ರೆಫ್ಯೂಸ್ ಇವಕ್ಕೆ 'ಟು'. ಮುಂದೆ ಆಗೋ ಕೆಲಸಕ್ಕೆಲ್ಲ 'ಟು' ಅಂತ ಕೆಲವರು ಹೇಳಿಕೊಡ್ತಾರೆ, ಆದ್ರೆ 'ಸಜೆಸ್ಟ್' ನೋಡಿ, ಮುಂದಿನ ಮಾತೇ ಆದ್ರೂ 'ಸಜೆಸ್ಟೆಡ್ ಗೋಯಿಂಗ್' ಅಂತಾನೇ. ಇಂಥವು ವಾಕ್ಯದ ಜೊತೇಲೇ ಓದಿ ಓದಿ ಕಿವಿಗೆ ಕೂರಬೇಕು, ಬೇರೆ ದಾರಿ ನಂಗಂತೂ ಕಂಡಿಲ್ಲ.

ಇನ್ನೊಂದು, ಆಫೀಸ್ ಇಮೇಲಲ್ಲಿ ದಿನಾ ನೋಡೋ 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು'. ಇಲ್ಲಿ 'ಮೀಟಿಂಗ್' ಆಗಬೇಕು, ಯಾಕಂದ್ರೆ ಈ 'ಟು' ಪ್ರಿಪೊಸಿಷನ್, ಅಂದ್ರೆ ನೌನ್ (ನಾಮಪದ) ಮುಂಚೆ ಬರೋ ಪದ, ಇನ್ಫಿನಿಟಿವ್ ರೂಪದ 'ಟು' ಅಲ್ಲ. ಅನುಮಾನ ಬಂದ್ರೆ 'ಟು' ಆದ್ಮೇಲೆ ಒಂದು ನೌನ್ ಇಟ್ಟು ನೋಡಿ, 'ಲುಕ್ ಫಾರ್ವರ್ಡ್ ಟು ದಿ ವೆಡ್ಡಿಂಗ್' ಸರಿಯಾಗಿ ಕೂರತ್ತೆ, 'ವಾಂಟ್ ಟು ದಿ ವೆಡ್ಡಿಂಗ್' ಕೂರಲ್ಲ. ಇದನ್ನ ಹೇಳಿದ ಮೇಲೆ ಅವಳೇ ಪೆನ್ಸಿಲ್ ತಗೊಂಡು 'ಯೂಸ್ಡ್ ಟು' ಬಿಡಿಸಿದ್ಲು. 'ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ', ಮುಂಚೆ ಬೇಗ ಏಳ್ತಿದ್ದೆ. 'ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ', ಬೇಗ ಏಳೋದು ರೂಢಿ ಆಗಿದೆ. ಎರಡನೇದ್ರ ಪಕ್ಕ ಅಜ್ಜಿ ಅಂತ ಬರೆದ್ಲು.