ಅಸಿಟೋನ್ ಮತ್ತು ನೀರು: ಮೂರನೇ ಪ್ರಯತ್ನ

ಅಸಿಟೋನ್ ಅಂದರೆ ಬೇಗ ಆವಿಯಾಗುವ ದ್ರವ. ಅದನ್ನು ನೀರಿನ ಜೊತೆ ಬೆರೆಸಿ, ಬಟ್ಟಿ ಇಳಿಸಿ (ಕುದಿಸಿ, ಆವಿಯನ್ನು ತಣಿಸಿ) ಮತ್ತೆ ಬೇರೆ ಮಾಡುವುದು ನಮ್ಮ ಪ್ರಯೋಗ. ಈ ಸಲ ಉಷ್ಣತೆಯ ಗ್ರಾಫ್‌ನಲ್ಲಿ ಮೆಟ್ಟಿಲು ಬಂತು, ಅಂದರೆ ಉಷ್ಣತೆ ಒಂದೇ ಕಡೆ ನಿಂತು ಆಮೇಲೆ ಮೇಲೇರಿತು! ಮೂರು ವಾರದಿಂದ ಶಾಲೆಯ ಲ್ಯಾಬ್‌ನಲ್ಲಿ ಇದಕ್ಕೇ ಕಾಯುತ್ತಿದ್ದೆವು.

ಹಿಂದಿನ ಎರಡು ಸಲ ಏನಾಯಿತು ಅಂತ ಮೊದಲು ಬರೆದುಬಿಡುತ್ತೇನೆ. ಮೊದಲ ಸಲ ಥರ್ಮಾಮೀಟರಿನ ಬುಡ, ಆವಿಯನ್ನು ತಣಿಸಲು ಹೊರಗೆ ಒಯ್ಯುವ ಪಕ್ಕದ ಕೊಳವೆಗಿಂತ ತುಂಬಾ ಮೇಲಿತ್ತು. ಆಚೆ ಹನಿ ಬೀಳುತ್ತಿದೆ, ಇಲ್ಲಿ ನೋಡಿದರೆ ಇನ್ನೂ 48 ಡಿಗ್ರಿ. ಆವಿ ಬುಡವನ್ನು ಮುಟ್ಟದೇ ಪಕ್ಕಕ್ಕೆ ತಿರುಗಿಹೋಗುತ್ತಿತ್ತು, ಅಷ್ಟೇ. ಬುಡ ಸರಿಯಾಗಿ ಆ ಕೊಳವೆಯ ಬಾಯಿಯ ಮಟ್ಟಕ್ಕೇ ಇರಬೇಕು. ಎರಡನೇ ಸಲ ಅದನ್ನು ಸರಿಮಾಡಿದೆವು, ಆದರೆ ಕುದಿಯುವ ಕಲ್ಲು (ಗುಳ್ಳೆಗಳು ಸಮವಾಗಿ ಏಳಲಿ ಅಂತ ಹಾಕುವ ಪುಟ್ಟ ಚೂರು) ಹಾಕಲು ಮರೆತು ದ್ರಾವಣ ಧಡ್ ಧಡ್ ಅಂತ ಎಗರಿತು. ಬಿಸಿಯಲ್ಲೇ ಕಲ್ಲು ಹಾಕಲು ಹೋದ ನನ್ನ ಕೈಯನ್ನು ಮೇಡಂ ತಡೆದರು. ಬಿಸಿ ದ್ರಾವಣಕ್ಕೆ ಹಾಕಿದರೆ ಒಮ್ಮೆಲೇ ಉಕ್ಕಿ ಹೊರಗೆ ಬರುತ್ತದೆ, ಪೂರ್ತಿ ಆರಿದ ಮೇಲೇ ಹಾಕಬೇಕು.

ಇನ್ನು ಈ ಸಲದ ವಿಷಯ. 50 ಮಿಲಿ ಅಸಿಟೋನ್, 50 ಮಿಲಿ ನೀರು. ಬೆರೆಸಿದಾಗ 100 ಆಗಲಿಲ್ಲ, 96ರ ಹತ್ತಿರ ನಿಂತಿತು. ಚೆಲ್ಲಿತೇನೋ ಅಂದುಕೊಂಡು ಮತ್ತೆ ಅಳೆದೆವು, ಅಷ್ಟೇ ಬಂತು. ಎರಡರ ಅಣುಗಳೂ ಒಟ್ಟು ಸೇರಿದಾಗ ಇನ್ನಷ್ಟು ಹತ್ತಿರ ಕೂರುತ್ತವಂತೆ. ಅಸಿಟೋನ್ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಹಾಗಾಗಿ ಬರ್ನರ್ ಬೇಡ ಅಂತ ಜ್ವಾಲೆಯಿಲ್ಲದೆ ವಿದ್ಯುತ್ತಿನಿಂದ ಬಿಸಿಮಾಡುವ ಹೀಟಿಂಗ್ ಮ್ಯಾಂಟಲ್ ಇಟ್ಟೆವು. ಆವಿಯನ್ನು ತಣಿಸುವ ಕಂಡೆನ್ಸರ್‌ಗೆ ತಣ್ಣೀರು ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ.

ದೊಡ್ಡ ಬದಲಾವಣೆ ಅಂದರೆ ಗಾಜಿನ ಮಣಿ ತುಂಬಿದ ಕಾಲಂ, ಅಂದರೆ ಫ್ಲಾಸ್ಕ್ ಮೇಲೆ ನೆಟ್ಟಗೆ ನಿಲ್ಲಿಸುವ ಕೊಳವೆ. ಹತ್ತಿರ ಹೋಗಿ ನೋಡಿದರೆ ಇದು ನಿಜಕ್ಕೂ ಚೆಂದ. ಆವಿ ಮೇಲೇರುವಾಗ ಒಂದೊಂದೇ ಮಣಿ ಒದ್ದೆಯಾಗಿ ಹೊಳೆಯುತ್ತದೆ, ಆ ಒದ್ದೆಯ ಗೆರೆ ನಿಧಾನವಾಗಿ ಮೇಲಕ್ಕೆ ಹತ್ತುತ್ತದೆ. ಮಣಿಗಳ ಮೇಲೆ ನೀರು ಜಾಸ್ತಿ ತಣಿದು ಕೆಳಗೆ ಇಳಿಯುತ್ತದೆ, ಅಸಿಟೋನ್ ಮತ್ತೆ ಆವಿಯಾಗಿ ಮೇಲೆ ಹೋಗುತ್ತದೆ. ಒಂದೇ ಕಾಲಂ ಒಳಗೆ ಹಲವು ಸಲ ಬಟ್ಟಿ ಇಳಿಸಿದ ಹಾಗೆ, ಅಲ್ವಾ?

ಸೆಕೆಂಡಿಗೆ ಒಂದು ಹನಿಗಿಂತ ಜೋರಾಗಲು ಬಿಡಲಿಲ್ಲ. 57 ಡಿಗ್ರಿಯಲ್ಲಿ ಪಾದರಸ ನಿಂತೇಬಿಟ್ಟಿತು, ಸುಮಾರು ಅರ್ಧ ಗಂಟೆ. ಶುದ್ಧ ಅಸಿಟೋನ್ ಕುದಿಯುವುದು 56ರಲ್ಲಿ. ಆಮೇಲೆ ಹನಿ ನಿಂತಿತು, ಉಷ್ಣತೆ ಕೆಳಗಿಳಿಯಿತು! ಗಾಬರಿಯಾದೆವು. ಆದರೆ ಅದು ತಪ್ಪಲ್ಲ. ಅಸಿಟೋನ್ ಹೆಚ್ಚುಕಡಿಮೆ ಮುಗಿದಿತ್ತು, ನೀರಿನ ಆವಿಗೆ ಅಷ್ಟು ಮೇಲೆ ಏರುವ ಶಾಖ ಸಿಕ್ಕಿರಲಿಲ್ಲ. ಹನಿ ಹಿಡಿಯುವ ಪಾತ್ರೆ ಬದಲಾಯಿಸಿ ಶಾಖ ಹೆಚ್ಚಿಸಿದಾಗ ನೇರ 100ರ ಕಡೆಗೆ ಹೋಯಿತು. ಫ್ಲಾಸ್ಕ್ ಪೂರ್ತಿ ಒಣಗುವ ಮೊದಲೇ ಆರಿಸಿದೆವು.

ಮೊದಲ ಪಾತ್ರೆಯಲ್ಲಿ 44 ಮಿಲಿ ಸಿಕ್ಕಿತು. ಅದರಲ್ಲಿ 10 ಮಿಲಿ ತೂಗಿದರೆ 8.0 ಗ್ರಾಂ. ಶುದ್ಧವಾಗಿದ್ದರೆ 7.9 ಬರಬೇಕು, ಅಂದರೆ ಸ್ವಲ್ಪ ನೀರು ಇನ್ನೂ ಉಳಿದಿದೆ. ಕಾಲಂ ಸುತ್ತ ಅಲ್ಯೂಮಿನಿಯಂ ಹಾಳೆ ಸುತ್ತಿ ಶಾಖ ಹೊರಗೆ ಹೋಗದ ಹಾಗೆ ಮಾಡಿ ಮುಂದಿನ ವಾರ ಮತ್ತೊಮ್ಮೆ ನೋಡುತ್ತೇವೆ. ಅದು ಸರಿಬಂದರೆ ಮುಂದಿನದು ಎಥನಾಲ್ ಮತ್ತು ನೀರು. ಅಲ್ಲಿ ಎಷ್ಟು ಉದ್ದದ ಕಾಲಂ ಇಟ್ಟರೂ ಎಥನಾಲ್ ಪಾಲು ತೂಕದಲ್ಲಿ ಸುಮಾರು 95.6 ಶೇಕಡಾ ದಾಟುವುದಿಲ್ಲ, ಆ ಹಂತದಲ್ಲಿ ಎರಡೂ ಒಟ್ಟಿಗೇ 78.2 ಡಿಗ್ರಿಯಲ್ಲಿ ಕುದಿಯುತ್ತವೆ. ನಮ್ಮ ಪುಟ್ಟ ಕಾಲಂ ಅದಕ್ಕೆ ಎಷ್ಟು ಹತ್ತಿರ ಹೋಗುತ್ತದೆ ಅಂತ ಅಳೆದು ನೋಡಬೇಕು.