ಸಾಣಾಪುರದಲ್ಲಿ ಮೂರು ರಾತ್ರಿ, ಕಾರಿನ ಮೇಲೆ ನೂರು ವ್ಯಾಟ್

ಡಿಸೆಂಬರ್ ಮೂರನೇ ವಾರ ನಾವು ನಾಲ್ಕು ಜನ ಕಾರಿನಲ್ಲಿ ಆನೆಗೊಂದಿ ಪಕ್ಕದ ಸಾಣಾಪುರದ ಕಡೆ ಹೊರಟೆವು. ಮೂರು ರಾತ್ರಿ ಟೆಂಟಿನಲ್ಲೇ ಮಲಗೋದು, ಕರೆಂಟೂ ನಮ್ಮದೇ ಸೋಲಾರ್‌ನಿಂದ ಬರಬೇಕು ಅನ್ನೋದು ನನ್ನ ಹಟ. ಅದಕ್ಕೆ ಕಾರಣ ಇದೆ. ಹೋದ ವರ್ಷ ಆಗುಂಬೆ ಹತ್ತಿರ ಕಾರಿನ ಬ್ಯಾಟರಿಯಿಂದಲೇ ರಾತ್ರಿಯೆಲ್ಲ ಲೈಟು, ಫ್ಯಾನು ಓಡಿಸಿ, ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಸುರಿಯೋ ಮಳೆಯಲ್ಲಿ ತಳ್ಳಿದೆವು. ಕಾರಿನ ಬ್ಯಾಟರಿ ಇರೋದು ಎಂಜಿನ್ ಎಬ್ಬಿಸೋಕೆ, ಒಂದೆರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಡೋಕೆ. ಅದನ್ನು ಪದೇ ಪದೇ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ.

ಈ ಸಲ ಸಾಮಾನು ತರೋ ಮೊದಲು ಹಾಳೆ ಹಿಡಿದು ಕೂತೆ. ಬ್ಯಾಟರಿಯಿಂದ ನೇರ ಓಡೋ 15 ವ್ಯಾಟ್‌ನ ಸಣ್ಣ ಡಿಸಿ ಫ್ಯಾನು 8 ಗಂಟೆ ಓಡಿದರೆ 120 ವ್ಯಾಟ್ ಅವರ್, ಅಂದರೆ ವ್ಯಾಟ್ ಗುಣಿಸು ಗಂಟೆ. 5 ವ್ಯಾಟ್ ಲೈಟು 4 ಗಂಟೆಗೆ 20. ನಾಲ್ಕು ಫೋನು, ಕ್ಯಾಮೆರಾ ಎಲ್ಲ ಸೇರಿ ಸುಮಾರು 80. ದಿನಕ್ಕೆ 220 ಆಯ್ತು, ಅಷ್ಟೇ! ಹಾಗಾಗಿ 100 ವ್ಯಾಟ್‌ನ ಒಂದು ಸೋಲಾರ್ ಪ್ಲೇಟು, 12.8 ವೋಲ್ಟ್, 40 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ನಡುವೆ ಪ್ಲೇಟಿನಿಂದ ಆದಷ್ಟು ಹೆಚ್ಚು ಕರೆಂಟ್ ಎಳೆದು ಬ್ಯಾಟರಿಗೆ ಹದವಾಗಿ ತುಂಬಿಸೋ ಒಂದು ಎಂಪಿಪಿಟಿ ಕಂಟ್ರೋಲರ್ ತಂದೆ. ಬ್ಯಾಟರಿಯಲ್ಲಿ 512 ವ್ಯಾಟ್ ಅವರ್ ಹಿಡಿಯುತ್ತದೆ, ಮೋಡ ಕವಿದರೂ ಎರಡು ರಾತ್ರಿ ದಾಟಬಹುದು. ಇನ್ವರ್ಟರ್ ಬೇಡ ಅಂದುಕೊಂಡೆ. 12 ವೋಲ್ಟನ್ನು 230ಕ್ಕೆ ಏರಿಸಿ, ಚಾರ್ಜರ್ ಹಾಕಿ ಮತ್ತೆ 5ಕ್ಕೆ ಇಳಿಸೋದರಲ್ಲಿ ಕರೆಂಟ್ ಸುಮ್ನೆ ಪೋಲಾಗುತ್ತದೆ.

ಮಧುಗಿರಿ ದಾಟಿ ಪಾವಗಡಕ್ಕೆ ಹೋದೆವು. ಸುತ್ತು ದಾರಿ ಅಲ್ವಾ ಅಂತ ಗೆಳೆಯರು ಗೊಣಗಿದರು, ಆದರೆ ತಿರುಮಣಿ ಹತ್ತಿರ ಬಂದಾಗ ಎಲ್ಲರೂ ಸುಮ್ಮನಾದರು. 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್, ಸುಮಾರು 13,000 ಎಕರೆ. ಮಳೆ ಕೈಕೊಡೋ ಈ ಸೀಮೆಯಲ್ಲಿ ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ್ದು. ಜಮೀನು ಅವರ ಹೆಸರಲ್ಲೇ ಉಳಿದಿದೆ ಅನ್ನೋದು ನನಗೆ ತುಂಬಾ ಹಿಡಿಸಿತು. ರಸ್ತೆ ಪಕ್ಕ ನಾವು ನೋಡಿದ ಸಾಲುಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ ವಾಲಿ ನಿಂತಿದ್ದವು. ನಮ್ಮದು ಮಾತ್ರ ಕಾರಿನ ಕ್ಯಾರಿಯರ್ ಮೇಲೆ ಚಾಪೆ ಹಾಸಿದ ಹಾಗೆ ಮಲಗಿತ್ತು.

ಚಳ್ಳಕೆರೆ, ಬಳ್ಳಾರಿ, ಕಂಪ್ಲಿ, ಗಂಗಾವತಿ. ಸಾಣಾಪುರ ಮುಟ್ಟಿದಾಗ ಕತ್ತಲಾಗಿತ್ತು. ರೈತರೊಬ್ಬರನ್ನು ಕೇಳಿ ಅವರ ಗದ್ದೆ ಬದಿ, ಬಂಡೆಗಳ ಮಗ್ಗುಲಲ್ಲಿ ಟೆಂಟ್ ಹಾಕಿದೆವು.

ಮರುದಿನ ಹನ್ನೆರಡು ಗಂಟೆಗೆ ಕಂಟ್ರೋಲರ್ ನೋಡಿದರೆ 62 ವ್ಯಾಟ್. ಪ್ಲೇಟು ಬಿಚ್ಚಿ ದಕ್ಷಿಣಕ್ಕೆ ತಿರುಗಿಸಿ, ಬಂಡೆಗೆ ಒರಗಿಸಿ ಎತ್ತಿ ನಿಲ್ಲಿಸಿದೆ. 79! ಡಿಸೆಂಬರಿನಲ್ಲಿ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ ನೆತ್ತಿಗೆ ಬರೋದಿಲ್ಲ, ದಕ್ಷಿಣಕ್ಕೇ ಜಾರಿಕೊಂಡಿರುತ್ತಾನೆ. ಅದೇ ಬಿಸಿಲು, ಅದೇ ಪ್ಲೇಟು, ಓರೆ ಮಾಡಿದ್ದಷ್ಟೇ. ಹಿಂದೆ ಗಾಳಿ ಆಡಲಿ ಅಂತ ಎರಡು ಕಲ್ಲಿಟ್ಟೆ, ಪ್ಲೇಟು ಕಾದಷ್ಟೂ ಕೊಡೋದು ಕಡಿಮೆ ಆಗುತ್ತದೆ.

ಊಟ ಮುಗಿಸಿ ಬಂದು ನೋಡಿದರೆ 20ರ ಆಸುಪಾಸು. ಮೋಡ ಇಲ್ಲ, ವೈರ್ ಸರಿಯಾಗಿದೆ. ಕೂತು ದಿಟ್ಟಿಸಿದಾಗ ಗೊತ್ತಾಯಿತು: ತೆಂಗಿನ ಗರಿಯೊಂದರ ನೆರಳು, ಅಂಗೈ ಅಗಲ ಅಷ್ಟೇ, ಪ್ಲೇಟಿನ ಮೂಲೆ ಮೇಲೆ ಆಡುತ್ತಿತ್ತು. ಒಳಗಿನ ಸೆಲ್ಲುಗಳು ಸರಪಳಿ ಹಾಗೆ ಒಂದರ ಹಿಂದೊಂದು ಇರೋದರಿಂದ ಒಂದು ಕೊಂಡಿ ಸೋತರೆ ಸಾಲೆಲ್ಲ ಸೋಲುತ್ತದೆ. ನಾಲ್ಕು ಹೆಜ್ಜೆ ಸರಿಸಿದೆ, ಅಂಕಿ ಮೇಲೆ ಹೋಯಿತು. ಆಮೇಲೆ ದಿನವಿಡೀ ನೆರಳು ಕಾಯೋದೇ ನನ್ನ ಕೆಲಸ, ಅದರಲ್ಲಿ ಖುಷಿಯೂ ಇತ್ತು.

ಇನ್ನೊಂದು ತೊಂದರೆ ರಾತ್ರಿ ಕಂಡಿತು. ಬ್ಯಾಟರಿ ತುಂಬಿದ್ದರೂ ಫ್ಯಾನು ಸಪ್ಪಗೆ ತಿರುಗುತ್ತಿತ್ತು. ಅಂಗಡಿಯವರು ಫ್ಯಾನಿನ ಜೊತೆ ಕೊಟ್ಟ ಉದ್ದ ವೈರ್ ದಾರದಷ್ಟು ತೆಳು. 12 ವೋಲ್ಟಿನಲ್ಲಿ ಆಂಪಿಯರ್ ಜಾಸ್ತಿ, ತೆಳು ವೈರಿನಲ್ಲಿ ವೋಲ್ಟೇಜ್ ಅರ್ಧ ದಾರೀಲೇ ಇಳಿದುಬಿಡುತ್ತದೆ. ಬೆಳಿಗ್ಗೆ ಗಂಗಾವತಿಗೆ ಹೋಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ತಂದೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಮಾತ್ರ ಮೊದಲೇ ಹಾಕಿದ್ದೆ. ಅದಿಲ್ಲದೆ ಟೆಂಟಿನಲ್ಲಿ ಮಲಗಿದವರ ಪಕ್ಕ ಬ್ಯಾಟರಿ ಇಡೋ ಧೈರ್ಯ ಯಾರೂ ಮಾಡಬಾರದು.

ಹೊರಡೋ ದಿನ ಪ್ಲೇಟಿನ ವೈರ್ ಮೊದಲು ಬಿಚ್ಚಿ, ಆಮೇಲೆ ಬ್ಯಾಟರಿಯದು ಬಿಚ್ಚಿದೆ. ಜೋಡಿಸುವಾಗ ಉಲ್ಟಾ, ಬ್ಯಾಟರಿಯೇ ಮೊದಲು. ಗದ್ದೆಯವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. 'ನಮ್ಮ ಪಂಪ್ ಮನೆಗೆ ಒಂದು ಲೈಟ್ ಹಾಕೋಕೆ ಇಷ್ಟು ದೊಡ್ಡದು ಬೇಕಾ?' ಅಂತ ಕೇಳಿದರು. ಬೇಡ ಅಂದೆ. 'ಹಂಗಾದ್ರೆ ಗೋಡೆ ಮೇಲೆ ಬರೆದುಬಿಡ್ರಿ' ಅಂತ ಇದ್ದಿಲು ಕೊಟ್ಟರು. ಬರೆದೆ: ಲೈಟು 5 ವ್ಯಾಟ್, 6 ಗಂಟೆ, 30 ವ್ಯಾಟ್ ಅವರ್. ಪ್ಲೇಟು 20 ವ್ಯಾಟ್. ಬ್ಯಾಟರಿ 12 ವೋಲ್ಟ್, 7 ಆಂಪಿಯರ್ ಅವರ್. ಕೆಳಗೆ ಒಂದು ಬಾಣ ಎಳೆದು, ದಕ್ಷಿಣ ಅಂತ ಬರೆದೆ.